ಜೋಡಿ ಓಟಕ್ಕೆ ಮಗನನ್ನು ಕಳುಹಿಸಬಹುದೇ?

ಪ್ರಶ್ನೆ: ನಾವು ಮೂಲತಃ ಧಾರವಾಡದವರು, ಈಗ ಬೆಲ್ಜಿಯಂನ ಗೆಂಟ್ ನಗರದಲ್ಲಿದ್ದೇವೆ. ಹದಿನಾರು ವರ್ಷದ ಮಗ ಇಲ್ಲಿನ ಒಳಾಂಗಣ ಟ್ರ್ಯಾಕ್‌ನಲ್ಲಿ ಸೈಕ್ಲಿಂಗ್ ಕಲಿಯುತ್ತಿದ್ದಾನೆ. ಈ ಚಳಿಗಾಲದಲ್ಲಿ ಕೋಚ್ ಅವನನ್ನು ಇನ್ನೊಬ್ಬ ಹುಡುಗನೊಂದಿಗೆ ಮ್ಯಾಡಿಸನ್ ಎಂಬ, ಇಬ್ಬರು ಸರದಿಯಂತೆ ತುಳಿಯುವ ಸೈಕಲ್ ಓಟಕ್ಕೆ ಜೋಡಿ ಮಾಡಿದ್ದಾರೆ. ನವೆಂಬರ್‌ನಲ್ಲಿ ಇಲ್ಲಿನ ಆರು ದಿನಗಳ ಸೈಕಲ್ ಓಟವನ್ನು ನೋಡಲು ಹೋಗಿದ್ದಾಗ, ಅಷ್ಟು ವೇಗದಲ್ಲಿ ಒಬ್ಬರ ಕೈಯನ್ನು ಇನ್ನೊಬ್ಬರು ಹಿಡಿದು ಎಸೆಯುವುದನ್ನು ಕಂಡು ನನ್ನ ಎದೆ ಝಲ್ಲೆಂದಿತು. ಭುಜ ಕಳಚುವುದಿಲ್ಲವೇ? ಪಕ್ಕದಲ್ಲಿ ಕುಳಿತಿದ್ದ ಹಿರಿಯರೊಬ್ಬರು ಇದೇ ಟ್ರ್ಯಾಕ್‌ನಲ್ಲಿ ಒಬ್ಬ ಸವಾರ ಸತ್ತಿದ್ದಾನೆ ಎಂದರು. ಯಜಮಾನರ ಪ್ರಕಾರ ಇದೆಲ್ಲ ಮೊದಲೇ ಮಾತಾಡಿಕೊಂಡು ಆಡುವ ಆಟ. ಮಗ ಮಾತ್ರ 'ಅರ್ಧ ಹೊತ್ತು ವಿಶ್ರಾಂತಿಯೇ ಅಮ್ಮಾ' ಎನ್ನುತ್ತಾನೆ. ಹೋದ ವಾರ ಭುಜ ನೋಯುತ್ತಿದ್ದರೂ, 'ನಾನು ಹೋಗದಿದ್ದರೆ ಅವನಿಗೆ ಜೋಡಿ ಇರುವುದಿಲ್ಲ' ಎಂದು ಅಭ್ಯಾಸಕ್ಕೆ ಹೋದ. ಮುಂದೆ ಆರು ದಿನಗಳ ಓಟದಲ್ಲಿ ಓಡುವುದು ಅವನ ಕನಸು. ಡಿಸೆಂಬರ್‌ನಲ್ಲಿ ಶಾಲೆಯ ಪರೀಕ್ಷೆಗಳೂ ಇರುತ್ತವೆ. ಬಿಡಿಸಿಬಿಡಲೇ?

ಉತ್ತರ: ಭುಜದ ಭಯ, ಬೀಳುವ ಭಯ, ಆಟವೇ ಸುಳ್ಳೇನೋ ಎಂಬ ಅನುಮಾನ. ಟ್ರ್ಯಾಕ್ ತರಬೇತುದಾರನಾದ ನನಗೆ ಈ ಮೂರೂ ಪರಿಚಿತ, ಪೋಷಕರು ಕೇಳುತ್ತಲೇ ಇರುತ್ತಾರೆ. ಆದರೆ ನಾಲ್ಕನೆಯ ಸಂಗತಿಯೊಂದನ್ನು ನೀವು ಮಾತಿನ ನಡುವೆ ಹೇಳಿ ಮುಂದೆ ಹೋಗಿದ್ದೀರಿ. ನೋವಿದ್ದರೂ ಜೊತೆಗಾರನಿಗೋಸ್ಕರ ಮಗ ಹೋದ ಎಂಬುದು. ನಿಮ್ಮ ಪತ್ರದಲ್ಲಿ ನನಗೆ ಚಿಂತೆ ಹುಟ್ಟಿಸಿದ ಸಾಲು ಅದೇ. ಮೊದಲು ಉಳಿದವುಗಳಿಗೆ ಉತ್ತರ ಹೇಳಿ ಆಮೇಲೆ ಅಲ್ಲಿಗೆ ಬರುತ್ತೇನೆ.

ಆರು ದಿನಗಳ ಓಟ ಎಂದೊಡನೆ ಹಗಲೂ ರಾತ್ರಿ ನಿಲ್ಲದೆ ಓಡಿಸುತ್ತಾರೆ ಎಂದೇ ಬಹಳ ಜನ ತಿಳಿದಿದ್ದಾರೆ. ಒಂದು ಕಾಲಕ್ಕೆ ಅದು ನಿಜವೇ ಆಗಿತ್ತು. 1878ರಲ್ಲಿ ಲಂಡನ್ನಿನಲ್ಲಿ ಶುರುವಾದ ಈ ಬಗೆಯ ಓಟ 1891ರಲ್ಲಿ ನ್ಯೂಯಾರ್ಕಿನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್ನಿಗೆ ಬಂದಿತು. ಭಾನುವಾರ ದೇವರ ದಿನ, ಆಟ ಆಡಿಸುವಂತಿಲ್ಲ. ಹಾಗಾಗಿ ಆರು ದಿನ. ಒಬ್ಬನೇ ಸವಾರ ಕಣ್ಣು ಮುಚ್ಚದೆ ಎಷ್ಟು ಮೈಲಿ ತುಳಿಯಬಲ್ಲ ಎಂಬುದೇ ಪಂದ್ಯ. 1896ರಲ್ಲಿ ಹದಿನೆಂಟು ವರ್ಷದ ಮೇಜರ್ ಟೇಲರ್ ಎಂಬ ಕಪ್ಪು ವರ್ಣೀಯ ಸವಾರ ಅಲ್ಲಿ ಓಡಿ ಎಂಟನೆಯವರಾದರು. ಮುಂದೆ ವಿಶ್ವ ಚಾಂಪಿಯನ್ ಆದ ಅವರಿಗೂ ಆ ಓಟದ ಕೊನೆಯ ಹೊತ್ತಿಗೆ ಯಾರೋ ಚಾಕು ಹಿಡಿದು ಬೆನ್ನಟ್ಟುತ್ತಿದ್ದಾರೆ ಎಂಬ ಭ್ರಮೆ ಹುಟ್ಟಿತ್ತು ಎಂದು ಹೇಳಲಾಗುತ್ತದೆ. ನಿದ್ದೆಗೆಟ್ಟ ಮಿದುಳು ಹಾಗೆಯೇ ಆಡುತ್ತದೆ. ಜನರ ಆಕ್ರೋಶ ಹೆಚ್ಚಿ, ಒಬ್ಬ ಸವಾರ ದಿನಕ್ಕೆ 12 ಗಂಟೆಗಿಂತ ಹೆಚ್ಚು ಓಡುವಂತಿಲ್ಲ ಎಂದು ನ್ಯೂಯಾರ್ಕ್ ರಾಜ್ಯ ಕಾನೂನು ಮಾಡಿತು. ಕಾನೂನು ಒಬ್ಬನನ್ನು ತಡೆಯಿತೇ ಹೊರತು ಓಟವನ್ನು ತಡೆಯಲಿಲ್ಲ. ಸಂಘಟಕರು ಇಬ್ಬರನ್ನು ಜೋಡಿ ಮಾಡಿದರು, 1899ರಿಂದ ಒಬ್ಬ ಮಲಗಿದರೆ ಇನ್ನೊಬ್ಬ ತುಳಿಯುವ ಪದ್ಧತಿ ಬಂದಿತು. ಆ ಸಭಾಂಗಣದ ಹೆಸರೇ ಈ ಓಟಕ್ಕೆ ಉಳಿದುಕೊಂಡಿದೆ.

ಅಂದರೆ ನಿಮ್ಮ ಮಗ ಕಲಿಯುತ್ತಿರುವ ಓಟ ಹುಟ್ಟಿದ್ದೇ ಸವಾರರ ಪ್ರಾಣ ಉಳಿಸುವ ಕಾನೂನಿನಿಂದ. ಈಗಂತೂ ಯಾರೂ ಹಗಲಿರುಳು ಓಡುವುದಿಲ್ಲ. ಬಹುಪಾಲು ಸಂಜೆ ಶುರುವಾಗಿ ನಡುರಾತ್ರಿಯ ಆಸುಪಾಸಿಗೆ ಮುಗಿಯುವ ಆರು ಅಧಿವೇಶನಗಳು, ನಡುನಡುವೆ ಹಿಂದುಳಿದವರು ಒಬ್ಬೊಬ್ಬರಾಗಿ ಹೊರಬೀಳುವ ಎಲಿಮಿನೇಷನ್, ಡರ್ನಿ ಎಂಬ ಪುಟ್ಟ ಮೋಟಾರು ಸೈಕಲ್ಲಿನ ಬೆನ್ನ ಹಿಂದಿನ ಓಟ, ಒಂದೇ ಸುತ್ತಿನ ವೇಗ ಪರೀಕ್ಷೆ ಇತ್ಯಾದಿ. ಆದರೂ ಫಲಿತಾಂಶವನ್ನು ತೀರ್ಮಾನಿಸುವುದು ಹೆಚ್ಚಾಗಿ ಮ್ಯಾಡಿಸನ್ನೇ. ಮೊದಲು ಯಾರು ಎಷ್ಟು ಸುತ್ತು ಮುಂದಿದ್ದಾರೆ ಎಂದು ನೋಡುತ್ತಾರೆ, ಸುತ್ತು ಸಮವಾದರೆ ಅಂಕ.

ಇನ್ನು ಆ ಎಸೆತ. ನೀವು ಗ್ಯಾಲರಿಯಿಂದ ಕಂಡದ್ದು ಒಂದು ಕ್ಷಣ. ಆ ಕ್ಷಣಕ್ಕೆ ಮುಂಚೆ ಏನು ನಡೆಯುತ್ತದೆ ಎಂಬುದನ್ನು ಕಂಡರೆ ನಿಮ್ಮ ಭಯದ ಬಗೆಯೇ ಬದಲಾಗುತ್ತದೆ.

ಖೊಖೊ ಆಟವನ್ನು ನೆನಪಿಸಿಕೊಳ್ಳಿ. ಓಡಿ ಬಂದವನು ಬೆನ್ನು ಮುಟ್ಟಿ 'ಖೊ' ಎನ್ನುತ್ತಾನೆ, ಕುಳಿತವನು ಎದ್ದು ಓಡುತ್ತಾನೆ. ಮ್ಯಾಡಿಸನ್ನಿನಲ್ಲಿ 'ಕುಳಿತವನು' ಕೂಡ ಸೈಕಲ್ ತುಳಿಯುತ್ತಲೇ ಇರುತ್ತಾನೆ ಎಂಬುದೇ ವ್ಯತ್ಯಾಸ. ಟ್ರ್ಯಾಕ್ ಸೈಕಲ್ಲಿಗೆ ಬ್ರೇಕ್ ಇಲ್ಲ, ಹಿಂದಿನ ಚಕ್ರ ತಿರುಗುತ್ತಿರುವವರೆಗೆ ಪೆಡಲ್ ನಿಲ್ಲುವುದಿಲ್ಲ. ಓಟದಲ್ಲಿರುವವನು ಕೆಳಗೆ, ಟ್ರ್ಯಾಕ್‌ನ ಒಳ ಅಂಚಿನ ಕಪ್ಪು ಗೆರೆಯ ಬಳಿ ಗಂಟೆಗೆ 50 ಕಿ.ಮೀ. ಮೀರಿದ ವೇಗದಲ್ಲಿ ಸಾಗುತ್ತಾನೆ. ಜೊತೆಗಾರ ಬಟ್ಟಲಿನಂತೆ ಓರೆಯಾದ ಟ್ರ್ಯಾಕ್‌ನ ಮೇಲ್ತುದಿಯಲ್ಲಿ, ಕಟಕಟೆಯ ಹತ್ತಿರ ನಿಧಾನವಾಗಿ ಸುತ್ತುತ್ತಾನೆ. ತೀರ ನಿಧಾನಿಸಿದರೆ ಇಳಿಜಾರಿನಲ್ಲಿ ಟೈರು ಜಾರುತ್ತದೆ, ಹಾಗಾಗಿ ಅವನ ವೇಗಕ್ಕೂ ಒಂದು ಕೆಳಮಿತಿ ಇದೆ. ಹೆಗಲ ಮೇಲಿಂದ ಹಿಂದಕ್ಕೆ ನೋಡುತ್ತಾ, ತನ್ನವನು ಎಲ್ಲಿದ್ದಾನೆ, ಅವನ ಹಿಂದೆ ಎಷ್ಟು ಜನ ಅಂಟಿಕೊಂಡಿದ್ದಾರೆ, ಕೆಳಗೆ ಎಲ್ಲಿ ಜಾಗವಿದೆ ಎಂದು ಲೆಕ್ಕ ಹಾಕುತ್ತಿರುತ್ತಾನೆ. ಸರಿಯಾದ ಹೊತ್ತಿಗೆ ಇಳಿಯತೊಡಗುತ್ತಾನೆ. ಇಳಿಜಾರು ಅವನಿಗೆ ವೇಗ ಕೊಡುತ್ತದೆ, ಜೊತೆಗೆ ತಾನೂ ತುಳಿಯುತ್ತಾನೆ. ಹಿಂದಿನಿಂದ ಬಂದವನು ಅವನ ಕೈ ಹಿಡಿಯುತ್ತಾನೆ. ಎರಡು ಸೈಕಲ್ಲುಗಳು ಅಕ್ಕಪಕ್ಕ ಬಂದಾಗ ಹಿಡಿತ ಗಟ್ಟಿ, ತೋಳು ತುಸು ಬಾಗಿದೆ, ಇಬ್ಬರ ಕಣ್ಣೂ ಮುಂದಕ್ಕೆ. ಹಿಡಿದವನು ಸೊಂಟದಿಂದ, ಬೆನ್ನಿನಿಂದ ತನ್ನ ವೇಗವನ್ನು ಅವನಿಗೆ ದಾಟಿಸುತ್ತಾನೆ. ಇವನು ನಿಧಾನವಾಗುತ್ತಾನೆ, ಅವನು ಚಿಮ್ಮುತ್ತಾನೆ. ಆಮೇಲೆ ಇವನು ನೇರವಾಗಿ ಸಾಗಿ, ಹಿಂದಿನವರೆಲ್ಲ ದಾಟಿದ ಮೇಲಷ್ಟೇ ಮೇಲಕ್ಕೆ ಏರಬೇಕು. 250 ಮೀಟರ್ ಟ್ರ್ಯಾಕ್‌ನಲ್ಲಿ ಹೆಚ್ಚುಕಡಿಮೆ ಎರಡು ಸುತ್ತಿಗೊಮ್ಮೆ ಇಷ್ಟೂ ನಡೆಯುತ್ತದೆ.

ನೀವು ಕಂಡ ಗೆಂಟ್‌ನ ಕೈಪ್ಕೆ ಟ್ರ್ಯಾಕ್ ಇನ್ನೂ ಚಿಕ್ಕದು, ಸುತ್ತಿಗೆ ಬರೀ 166.66 ಮೀಟರ್. 54 ಕಿ.ಮೀ. ವೇಗದಲ್ಲಿ ಒಂದು ಸುತ್ತಿಗೆ ಹನ್ನೊಂದು ಸೆಕೆಂಡು. ಅಲ್ಲಿ ಎಲ್ಲವೂ ಹತ್ತಿರ, ಎಲ್ಲವೂ ಅವಸರ. ಮಗ ಅಭ್ಯಾಸ ಮಾಡುವ ಟ್ರ್ಯಾಕ್ 250 ಮೀಟರಿನದಾಗಿದ್ದರೆ, ಕೈಪ್ಕೆಯಲ್ಲಿ ಕಂಡ ದೃಶ್ಯವನ್ನು ಹಾಗೆಯೇ ಅವನ ಅಭ್ಯಾಸಕ್ಕೆ ಹೊಂದಿಸಬೇಡಿ.

ಭುಜಕ್ಕೆ ಬೀಳುವ ಹೊರೆ ಇಬ್ಬರ ವೇಗದ ಅಂತರವನ್ನು ಅವಲಂಬಿಸಿದೆ. ಬರುವವನು 50ರಲ್ಲಿ, ಕಾಯುವವನು 42ರಲ್ಲಿ ಇದ್ದರೆ ಅಂತರ 8. ಕಾಯುವವನು ಸೋಮಾರಿತನದಿಂದಲೋ ಹೆದರಿಕೆಯಿಂದಲೋ 34ರಲ್ಲೇ ಉಳಿದರೆ ಅಂತರ 16, ಅಷ್ಟೇ ಹೊತ್ತಿನಲ್ಲಿ ಭುಜ ತಾಳಬೇಕಾದ ಎಳೆತವೂ ದುಪ್ಪಟ್ಟು. ನಾನು ಕಂಡಿರುವ ಭುಜದ ನೋವುಗಳಲ್ಲಿ ಹೆಚ್ಚಿನವು ಹೀಗೆ ಬಂದವು. ತಡವಾಗಿ ಇಳಿಯುವುದು, ತೋಳನ್ನು ಕೋಲಿನಂತೆ ಸೆಟೆಸಿ ಹಿಂದಕ್ಕೆ ಚಾಚುವುದು, ಜೊತೆಗಾರ ದಾಟಿ ಹೋದಮೇಲೂ ಕೈ ಬಿಡದಿರುವುದು. ಚೆನ್ನಾಗಿ ಕಲಿತ ಜೋಡಿಯಲ್ಲಿ ಎಸೆತ ನೋಡಲು ಉಗ್ರವಾಗಿದ್ದರೂ ಭುಜಕ್ಕೆ ಅಷ್ಟೊಂದು ಬಾಧೆಯಿಲ್ಲ. ಆದ್ದರಿಂದ ಮಗನ ನೋವಿಗೆ ಅವನ ತಪ್ಪೇ ಕಾರಣವಾಗಿರಬೇಕಿಲ್ಲ, ಜೊತೆಗಾರ ತಡವಾಗಿ ಇಳಿಯುತ್ತಿರಬಹುದು. ಕೋಚ್ ಹತ್ತಿರ ಒಮ್ಮೆ ಅಭ್ಯಾಸದ ವಿಡಿಯೊ ಕೇಳಿ ನೋಡಿ. ಕೈ ಕೂಡುವ ಹೊತ್ತಿಗೆ ಕಾಯುವವನು ತುಳಿಯುತ್ತಿದ್ದಾನೋ ಅಥವಾ ಸುಮ್ಮನೆ ಇಳಿಜಾರಿನಲ್ಲಿ ಇಳಿದು ಬರುತ್ತಿದ್ದಾನೋ ಎಂಬುದು ಸೈಕ್ಲಿಂಗ್ ಗೊತ್ತಿಲ್ಲದವರ ಕಣ್ಣಿಗೂ ಕಾಣುತ್ತದೆ.

ಇಲ್ಲಿ ಬಹಳ ಪೋಷಕರಿಗೆ ಗೊತ್ತಿಲ್ಲದ ವಿಷಯವೊಂದಿದೆ. ಕೈ ಹಿಡಿದು ಎಸೆಯುವುದು ಕಡ್ಡಾಯವಲ್ಲ. ಕೈಯಿಂದ ಅಥವಾ ಚಡ್ಡಿಯ ಬಳಿ ಮುಟ್ಟಿದರೂ ಸರದಿ ಬದಲಿ ಆಯಿತು ಎಂದೇ ನಿಯಮ. ಹಿಂದಿನ ಕಾಲದ ಸವಾರರು ಚಡ್ಡಿಯೊಳಗೆ ಒಂದು ಗಟ್ಟಿ ತುಂಡನ್ನು ಸಿಕ್ಕಿಸಿಕೊಂಡು, ಅದನ್ನು ಹಿಡಿದು ತಳ್ಳಿಸಿಕೊಳ್ಳುತ್ತಿದ್ದರು. ಹೊಸಬರು ಸೊಂಟ ಮುಟ್ಟಿ ತಳ್ಳುವುದರಿಂದ ಶುರು ಮಾಡಿದರೆ ವೇಗ ಸ್ವಲ್ಪ ಕಡಿಮೆ, ಭುಜ ಕ್ಷೇಮ.

ಆದರೂ ಹೋದ ವಾರದ ನೋವನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ನಾನು ವೈದ್ಯನಲ್ಲ. ಕೈ ಎತ್ತುವಾಗ ಚುಚ್ಚಿದರೆ, ಆ ಮಗ್ಗುಲಿಗೆ ಮಲಗಲು ಆಗದಿದ್ದರೆ, ಭುಜ ಸಡಿಲವಾದಂತೆ ಅನ್ನಿಸಿದರೆ ಕ್ರೀಡಾ ವೈದ್ಯರಿಗೋ ಫಿಸಿಯೋಥೆರಪಿಸ್ಟ್‌ಗೋ ತೋರಿಸಿ. ನೋವು ಪೂರ್ತಿ ಹೋಗುವವರೆಗೆ ಎಸೆತದ ಅಭ್ಯಾಸ ಬೇಡ. ಅವರು ಒಪ್ಪಿದರೆ ಒಂಟಿಯಾಗಿ ಸೈಕಲ್ ತುಳಿಯಲಿ.

ಬೀಳುವ ವಿಷಯ. ಆ ಹಿರಿಯರು ಹೇಳಿದ್ದು ಸುಳ್ಳಲ್ಲ. 2006ರ ನವೆಂಬರ್ 26ರಂದು ಗೆಂಟ್‌ನ ಆರು ದಿನಗಳ ಓಟದಲ್ಲಿ ಸ್ಪೇನಿನ ಇಸಾಕ್ ಗಾಲ್ವೆಸ್ ಇನ್ನೊಬ್ಬ ಸವಾರನಿಗೆ ತಾಗಿ, ಕಟಕಟೆಗೆ ಅಪ್ಪಳಿಸಿ ತೀರಿಕೊಂಡರು. ಅವರು ಆ ವರ್ಷ ಜುವಾನ್ ಯಾನೆರಾಸ್ ಜೊತೆ ಮ್ಯಾಡಿಸನ್ ವಿಶ್ವ ಚಾಂಪಿಯನ್ ಆಗಿದ್ದವರು. ಕೌಶಲ ಇಲ್ಲದವರಿಗೆ ಮಾತ್ರ ಹೀಗಾಗುತ್ತದೆ ಎಂದು ನಿಮಗೆ ಸಮಾಧಾನ ಹೇಳಿದರೆ ನಾನು ಮೋಸ ಮಾಡಿದಂತೆ. ಅಂಥ ಸಾವು ಬಹಳ ಅಪರೂಪ. ಬೀಳುವುದು ಮಾತ್ರ ಅಪರೂಪವಲ್ಲ. ಟ್ರ್ಯಾಕ್‌ಗೆ ಬಂದ ಸವಾರ ಇಂದಲ್ಲ ನಾಳೆ ಬೀಳುತ್ತಾನೆ. ತೊಡೆ, ಮೊಣಕೈ ತರಚಿ ಉರಿಯುತ್ತವೆ, ಮರದ ಸಿಬಿರು ಚುಚ್ಚುತ್ತದೆ, ಕೆಲವೊಮ್ಮೆ ಕೊರಳೆಲುಬು (ಕಾಲರ್ ಬೋನ್) ಮುರಿಯುತ್ತದೆ.

ಮ್ಯಾಡಿಸನ್ನಿನಲ್ಲಿ ಬೀಳುವ ಸಂಭವ ಹೆಚ್ಚುವುದಕ್ಕೆ ಕಾರಣ ವೇಗವೊಂದೇ ಅಲ್ಲ. ಒಂದೇ ಟ್ರ್ಯಾಕ್‌ನಲ್ಲಿ ಎರಡು ವೇಗದ ಜನ ಇರುತ್ತಾರೆ, ಒಬ್ಬರು ಇನ್ನೊಬ್ಬರ ದಾರಿಯನ್ನು ಅಡ್ಡ ದಾಟುತ್ತಿರುತ್ತಾರೆ. ಎಸೆದವನು ಹಿಂದೆ ನೋಡದೆ ಮೇಲಕ್ಕೆ ಏರಿದರೆ ಹಿಂದಿನವನ ಮುಂಚಕ್ರಕ್ಕೆ ಅಡ್ಡ ಬಂದ. ಇಳಿಯುವವನು ಜಾಗ ನೋಡದೆ ಇಳಿದರೆ ಮೂರು ಜನರನ್ನು ಕೆಡವಿದ. ಹುಡುಗರು ಎಸೆಯುವುದನ್ನು ಬೇಗ ಕಲಿಯುತ್ತಾರೆ, ಅದರಲ್ಲಿ ಮೋಜಿದೆ. ಎಸೆದ ಮೇಲೆ ನೇರ ಸಾಗುವುದು ಬೇಸರದ ಕೆಲಸ, ಅದನ್ನು ಕಲಿಸಲು ತಿಂಗಳುಗಳೇ ಬೇಕು. ಕರ್ನಾಟಕದ ಉದಾಹರಣೆಯನ್ನೇ ತೆಗೆದುಕೊಳ್ಳಿ. ವಿಜಯಪುರ, ಬಾಗಲಕೋಟೆ ಕಡೆಯ ಸೈಕ್ಲಿಸ್ಟ್‌ಗಳು ಬಿಸಿಲಿನ ರಸ್ತೆಯಲ್ಲಿ ಪಳಗಿದವರು, ಕಾಲಿನ ಕಸುವಿಗೆ ಯಾರಿಗೂ ಕಡಿಮೆಯಿಲ್ಲ. 2010ರ ಕಾಮನ್‌ವೆಲ್ತ್ ಕ್ರೀಡಾಕೂಟಕ್ಕೆಂದು ದೆಹಲಿಯಲ್ಲಿ ಕಟ್ಟಿದ ಮರದ ಟ್ರ್ಯಾಕ್‌ನಂಥ ಜಾಗಕ್ಕೆ ರಸ್ತೆಯ ಸವಾರರು ಮೊದಲ ಸಲ ಬಂದಾಗ ಅವರನ್ನು ಹಿಮ್ಮೆಟ್ಟಿಸುವುದು ಕಾಲಿನ ದಣಿವಲ್ಲ. ಕಡಿದಾದ ಗೋಡೆಯಂಥ ತಿರುವಿನಲ್ಲಿ ಹ್ಯಾಂಡಲ್‌ನಿಂದ ಒಂದು ಕೈ ತೆಗೆದು, ತಲೆ ತಿರುಗಿಸಿ ಹಿಂದೆ ನೋಡಬೇಕಲ್ಲ, ಅದು. ಈ ವಿದ್ಯೆ ತೊಡೆಯ ಬಲದಿಂದ ಬರುವುದಿಲ್ಲ, ಟ್ರ್ಯಾಕ್‌ನಲ್ಲಿ ಕಳೆದ ಹೊತ್ತಿನಿಂದಷ್ಟೇ ಬರುತ್ತದೆ.

ಯಜಮಾನರ ಅನುಮಾನಕ್ಕೆ ಚುಟುಕಾಗಿ ಹೇಳುತ್ತೇನೆ. ಆರು ದಿನಗಳ ಓಟದಲ್ಲಿ ಪ್ರದರ್ಶನದ ಅಂಶ ಇದೆ. ಸವಾರರಿಗೆ ಹೆಚ್ಚಿನ ಹಣ ಬರುವುದು ಬಹುಮಾನದಿಂದಲ್ಲ, ಭಾಗವಹಿಸುವ ಒಪ್ಪಂದದಿಂದ. ಯಾರು ಯಾರಿಗೆ ಜೋಡಿ ಎಂಬುದನ್ನು ಬಹುಪಾಲು ಸಂಘಟಕರೇ ನಿರ್ಧರಿಸುತ್ತಾರೆ. ಹಿಂದೆ ಹಿರಿಯ ಸವಾರರ ಒಳಗುಂಪು ಓಟದ ಗತಿಯನ್ನು ತನ್ನ ಹಿಡಿತದಲ್ಲಿ ಇಟ್ಟುಕೊಳ್ಳುತ್ತಿತ್ತು ಎಂಬುದೂ ಈ ಆಟದ ಚರಿತ್ರೆಯಲ್ಲೇ ಇದೆ. ಮೊದಲ ರಾತ್ರಿಯೇ ಒಂದು ಜೋಡಿ ಹತ್ತು ಸುತ್ತು ಮುಂದೆ ಹೋದರೆ ಉಳಿದ ಐದು ರಾತ್ರಿ ಯಾರು ಟಿಕೆಟ್ ಕೊಳ್ಳುತ್ತಾರೆ? ಆದರೆ ಕೊನೆಯ ದಿನದ ಕೊನೆಯ ಮ್ಯಾಡಿಸನ್ನಿನಲ್ಲಿ ಸುತ್ತು ಗಳಿಸಲು, ಅಂದರೆ ಉಳಿದವರನ್ನು ಒಂದು ಪೂರ್ತಿ ಸುತ್ತು ಹಿಂದಿಕ್ಕಲು, ಕಾಲಿನ ಕಸುವು ಬೇಕೇ ಬೇಕು. ಬೆಲ್ಜಿಯಂನ ಸವಾರ ಪ್ಯಾಟ್ರಿಕ್ ಸರ್ಕು 223 ಆರು ದಿನಗಳ ಓಟಗಳಲ್ಲಿ 88 ಗೆದ್ದರು. ಅವರು 1964ರ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಒಂದು ಕಿಲೋಮೀಟರ್ ಓಟದ ಚಿನ್ನ, 1974ರ ಟೂರ್ ಡಿ ಫ್ರಾನ್ಸ್‌ನಲ್ಲಿ ಹೆಚ್ಚು ಅಂಕ ಗಳಿಸಿದವರಿಗೆ ಸಿಗುವ ಹಸಿರು ಜೆರ್ಸಿ ಗೆದ್ದವರು. ಅವನ್ನು ಯಾರೂ ಮಾತಾಡಿಕೊಂಡು ಕೊಡಲಿಲ್ಲ. ಒಲಿಂಪಿಕ್ಸ್, ವಿಶ್ವ ಚಾಂಪಿಯನ್‌ಷಿಪ್‌ಗಳ ಮ್ಯಾಡಿಸನ್ ಅಂತೂ ಬೇರೆಯೇ. ಒಂದೇ ಓಟ, ಪುರುಷರಿಗೆ 50 ಕಿ.ಮೀ., ಮಹಿಳೆಯರಿಗೆ 30 ಕಿ.ಮೀ. ಹತ್ತು ಸುತ್ತಿಗೊಂದು ಸ್ಪ್ರಿಂಟ್, ಸುತ್ತು ಗಳಿಸಿದರೆ 20 ಅಂಕ.

'ಅರ್ಧ ಹೊತ್ತು ವಿಶ್ರಾಂತಿ' ಎಂಬ ಮಗನ ಮಾತನ್ನು ನಂಬಬೇಡಿ. ಮೂವತ್ತು ನಲವತ್ತು ಸೆಕೆಂಡು ಉಸಿರು ಬಿಗಿಹಿಡಿದು ತುಳಿದು, ಅಷ್ಟೇ ಹೊತ್ತು ಮೇಲೆ ಸುತ್ತುತ್ತಾನೆ. ಎದೆಬಡಿತ ಇಳಿಯತೊಡಗುವಷ್ಟರಲ್ಲಿ ಮತ್ತೆ ಸರದಿ. ಆ ಬಿಡುವಿನಲ್ಲೂ ಕಣ್ಣು ಮತ್ತು ಮನಸ್ಸಿಗೆ ಬಿಡುವಿಲ್ಲ. ಓಟದ ಕೊನೆಯ ಭಾಗದಲ್ಲಿ ಮೊದಲು ಕೆಡುವುದು ಕಾಲಲ್ಲ, ಲೆಕ್ಕಾಚಾರ. ಅಪಘಾತಗಳು ಆಗುವುದೂ ಆಗಲೇ.

ಈಗ ಆ ನಾಲ್ಕನೆಯ ಸಂಗತಿ. ಒಂಟಿ ಓಟದಲ್ಲಿ ನೋವಾದ ಹುಡುಗ ಪಕ್ಕಕ್ಕೆ ಸರಿದು ಇಳಿದುಬಿಡುತ್ತಾನೆ, ನಷ್ಟ ಅವನೊಬ್ಬನದು. ಜೋಡಿ ಓಟದಲ್ಲಿ ಅವನು ಇಳಿದರೆ ಇನ್ನೊಬ್ಬನ ಓಟವೂ ಕೆಡುತ್ತದೆ. ಒಬ್ಬ ಬಿದ್ದರೆ ಜೊತೆಗಾರ ಆ ಕೂಡಲೇ ಓಟಕ್ಕೆ ಇಳಿದು ಒಬ್ಬನೇ ಎಳೆಯಬೇಕೆಂದು ನಿಯಮವೂ ಇದೆ. ಈ ಆಟದ ಸೊಗಸೆಲ್ಲ ಆ ಋಣಭಾವದಲ್ಲೇ ಇದೆ, ನಾನು ಇದನ್ನು ಪ್ರೀತಿಸುವುದೂ ಅದಕ್ಕಾಗಿಯೇ. ಸ್ವಿಟ್ಜರ್ಲೆಂಡಿನ ಬ್ರೂನೊ ರೀಸಿ ಮತ್ತು ಕುರ್ಟ್ ಬೆಟ್‌ಶಾರ್ಟ್ ಒಟ್ಟಿಗೆ 37 ಆರು ದಿನಗಳ ಓಟ ಗೆದ್ದದ್ದು ಇಂಥ ನಂಬಿಕೆಯಿಂದಲೇ. ಆದರೆ ಹದಿನಾರರ ಹುಡುಗನಲ್ಲಿ ಅದೇ ಭಾವ ನೋವನ್ನು ಮುಚ್ಚಿಡುವಂತೆ ಮಾಡುತ್ತದೆ. ತಲೆಗೆ ಪೆಟ್ಟು ಬಿದ್ದು ಮಂಕಾಗಿದ್ದರೂ 'ಏನೂ ಆಗಿಲ್ಲ' ಎಂದು ಮತ್ತೆ ಸೈಕಲ್ ಹತ್ತಿದ ಹುಡುಗರನ್ನು ಬಲವಂತವಾಗಿ ಕೆಳಗಿಳಿಸಿದ್ದೇನೆ. ಅವರ ಕಣ್ಣು ನನ್ನ ಕಡೆ ಇರುವುದಿಲ್ಲ, ಜೊತೆಗಾರನ ಕಡೆ ಇರುತ್ತದೆ.

ಆದ್ದರಿಂದ ನಿಮ್ಮ ಮಗನೊಬ್ಬನೊಂದಿಗೆ ಮಾತಾಡಿದರೆ ಸಾಲದು. ಆ ಇನ್ನೊಬ್ಬ ಹುಡುಗನನ್ನೂ ಅವನ ಮನೆಯವರನ್ನೂ ಒಮ್ಮೆ ಕರೆದು ಕೂರಿಸಿಕೊಳ್ಳಿ. ಯಾರಿಗಾದರೂ ನೋವಾದರೆ ಆ ದಿನದ ಅಭ್ಯಾಸ ಇಬ್ಬರಿಗೂ ಬೇರೆಯದಾಗಲಿ, ತಲೆಗೆ ಪೆಟ್ಟಾದರೆ ವೈದ್ಯರು ನೋಡುವವರೆಗೆ ಟ್ರ್ಯಾಕ್ ಇಲ್ಲ, ಇದಕ್ಕೆ ಯಾರೂ ಯಾರಿಗೂ ಕ್ಷಮೆ ಕೇಳಬೇಕಿಲ್ಲ ಎಂದು ಮೊದಲೇ ಒಪ್ಪಂದವಾಗಲಿ. 'ಹೋಗಬೇಡ ಗೆಳೆಯ' ಎಂದು ಜೊತೆಗಾರನ ಬಾಯಿಂದಲೇ ಬಂದರೆ ಮಗ ಕೇಳುತ್ತಾನೆ. ನೀವು ಹೇಳಿದರೆ ಕೇಳುವುದು ಕಷ್ಟ. ಕೋಚ್‌ಗೂ ಕೇಳಿ: ಮೂರನೆಯ ಹುಡುಗನೊಬ್ಬನನ್ನು ಬದಲಿಯಾಗಿ ತಯಾರು ಮಾಡುತ್ತಿದ್ದಾರೆಯೇ? ಇಬ್ಬರ ಜೋಡಿಗೆ ಮೂವರು ಅಭ್ಯಾಸ ಮಾಡಿದರೆ ಈ ಭಾರ ಅರ್ಧ ಇಳಿಯುತ್ತದೆ. ದೊಡ್ಡವರ ಆರು ದಿನಗಳ ಓಟದಲ್ಲೂ ಒಬ್ಬ ಹಿಂದೆ ಸರಿದರೆ ಉಳಿದವನನ್ನು ಹಾಗೆಯೇ ಒಂಟಿಯಾಗಿ ಉಳಿದ ಇನ್ನೊಬ್ಬನೊಂದಿಗೆ ಸೇರಿಸುವ ರೂಢಿ ಇದೆ.

ಬಿಡಿಸಲೇ ಎಂದು ಕೇಳಿದ್ದೀರಿ. ಬಿಡಿಸಿದರೆ ಪಾಯಿಂಟ್ಸ್ (ಅಂಕಗಳ ಓಟ), ಎಲಿಮಿನೇಷನ್‌ನಂಥ ಒಂಟಿ ಓಟಗಳಿವೆ. ಎಸೆತದ ಅಪಾಯ ಇಲ್ಲ, ಗುಂಪಿನಲ್ಲಿ ಬೀಳುವ ಅಪಾಯ ಅಲ್ಲೂ ಇದೆ. ಆಸೆ ಇಟ್ಟುಕೊಂಡ ಹುಡುಗನಿಂದ ಕಸಿದುಕೊಂಡರೆ ಹದಿನೆಂಟಕ್ಕೆ ಅವನು ತಾನಾಗಿಯೇ ಹೋಗುತ್ತಾನೆ, ಆಗ ಅಭ್ಯಾಸವಿಲ್ಲದೆ ದೊಡ್ಡವರ ನಡುವೆ ಕಲಿಯಬೇಕಾಗುತ್ತದೆ. ಅದು ನನಗೆ ಹೆಚ್ಚು ಅಪಾಯಕರವಾಗಿ ಕಾಣುತ್ತದೆ. ಇನ್ನೊಂದು ತುದಿಯಲ್ಲಿ, ಈ ಚಳಿಗಾಲದಲ್ಲೇ ತುಂಬಿದ ಟ್ರ್ಯಾಕ್‌ನಲ್ಲಿ ಸ್ಪರ್ಧೆಗೆ ಇಳಿಸುವುದಾದರೆ ನಾನು ಒಪ್ಪುವುದಿಲ್ಲ.

ನನ್ನ ಮನಸ್ಸಿಗೆ ಬರುವುದು ನಡುವಿನ ದಾರಿ. ಭುಜ ಗುಣವಾಗಲಿ. ಈ ಋತುವಿನಲ್ಲಿ ಖಾಲಿ ಟ್ರ್ಯಾಕ್‌ನಲ್ಲಿ ಇಬ್ಬರೇ, ಸೊಂಟ ತಳ್ಳುವ ಬದಲಿ. ಅದು ತಡವರಿಸದೆ ಬಂದ ಮೇಲೆ ಕೈ ಹಿಡಿಯುವುದು, ಆಮೇಲೆ ನಾಲ್ಕೈದು ಜೋಡಿಗಳ ನಡುವೆ. ದಣಿದಾಗಲೂ ಬದಲಿ ಕೆಡದಿದ್ದರೆ ಅವನ ವಯೋಮಾನದವರ ಒಂದು ಸಣ್ಣ ಸ್ಪರ್ಧೆ. ಕೋಚ್ ಇದಕ್ಕಿಂತ ಅವಸರ ಮಾಡಿದರೆ ಕಾರಣ ಕೇಳುವ ಹಕ್ಕು ನಿಮಗಿದೆ. ಆರು ದಿನಗಳ ಕನಸನ್ನು ಮುರಿಯಬೇಡಿ. ಗೆಂಟ್‌ನಲ್ಲಿ ದೊಡ್ಡವರ ಓಟದ ಜೊತೆಗೇ 23 ವರ್ಷದೊಳಗಿನವರಿಗೂ ಓಟಗಳು ನಡೆಯುತ್ತವೆ. ಅಲ್ಲಿಗೆ ತಲುಪಲು ಅವನಿಗೆ ಬೇಕಾದಷ್ಟು ಕಾಲವಿದೆ.

ಪರೀಕ್ಷೆಯ ಬಗ್ಗೆ ನಿಮ್ಮ ಚಿಂತೆ ಸರಿಯಾದದ್ದೇ. ಓದಿಗೆ ಅಡ್ಡಿಯಾಗುವುದು ಅಭ್ಯಾಸದ ಗಂಟೆಗಳಿಗಿಂತ ಹೆಚ್ಚಾಗಿ ಅದು ಕದಿಯುವ ನಿದ್ದೆ. ರಾತ್ರಿ ಹತ್ತಕ್ಕೆ ತೀವ್ರವಾಗಿ ತುಳಿದು ಬಂದ ಮೈ ಹನ್ನೆರಡಾದರೂ ತಣಿಯುವುದಿಲ್ಲ. ಅದರ ಮೇಲೆ ಕೆಫೀನ್ ಇರುವ ಪೇಯವನ್ನೋ ಜೆಲ್ಲನ್ನೋ ತೆಗೆದುಕೊಂಡಿದ್ದರೆ ಅದರ ಅರ್ಧ ಭಾಗ ಐದಾರು ಗಂಟೆಯ ನಂತರವೂ ರಕ್ತದಲ್ಲಿರುತ್ತದೆ. ಹದಿನಾರರ ಹುಡುಗನಿಗೆ ಸಂಜೆಯ ನಂತರ ಅದು ಬೇಡವೇ ಬೇಡ. ಪರೀಕ್ಷೆಗೆ ಮುಂಚಿನ ಎರಡು ವಾರ ತಡರಾತ್ರಿಯ ಅಭ್ಯಾಸ ಬಿಟ್ಟು ವಾರಾಂತ್ಯದ ಹಗಲಿನಲ್ಲಿ ತುಳಿಯಲಿ. ನಿದ್ದೆಗೆಟ್ಟ ವಾರದಲ್ಲಿ ಎಸೆತದ ಅಭ್ಯಾಸವನ್ನು ನಾನಂತೂ ಯಾರಿಗೂ ಮಾಡಿಸುವುದಿಲ್ಲ. ನಿಮ್ಮ ಕೋಚ್ ಕೂಡ ಇದಕ್ಕೆ ಬೇಡವೆನ್ನಲಾರರು.